ಹದಿನಾಲ್ಕು ಬೀಜಗಳ ಬೀಳ್ಕೊಡುಗೆ

“ಹದಿನಾಲ್ಕೂ ಒಟ್ಟಿಗೆ ಎದ್ದು ಎಲ್ಲಿಗೆ ಹೋದವು?”

ಪರಾಗಣ್ಣ ಹೀಗೆ ಕೇಳಿದ್ದು ಯಾರನ್ನೂ ಅಲ್ಲ. ಬೆಳಗಿನ ಏಳು ಗಂಟೆಗೆ ಆ ಅಡುಗೆಮನೆಯಲ್ಲಿ ಇದ್ದದ್ದು ಅವನು, ಗೋಡೆಯ ಕಪಾಟು, ಕಪಾಟಿನಲ್ಲಿ ಹಲ್ಲುಪುಡಿಯ ಒಂದು ಹಳೆಯ ಡಬ್ಬಿ, ಇಷ್ಟೇ. ಡಬ್ಬಿಯ ಮುಚ್ಚಳ ಪಕ್ಕದಲ್ಲಿ ಅಂಗಾತ ಬಿದ್ದಿತ್ತು. ಪರಾಗಣ್ಣ ಡಬ್ಬಿಯನ್ನು ತಲೆಕೆಳಗು ಮಾಡಿ ಅಲ್ಲಾಡಿಸಿದ. ಹಳೆಯ ಹಲ್ಲುಪುಡಿ ಒಂದು ಚಿಟಿಕೆ ಉದುರಿತು. ಮೂಗಿನ ಹತ್ತಿರ ತಂದು ಒಳಗೆ ಇಣುಕಿದ, ಸೀನು ಬಂತು. ಬೀಜ ಬರಲಿಲ್ಲ.

ಅಂದು ಅವನ ನೌಕರಿಯ ಕಡೆಯ ದಿನ. ಹತ್ತಿಯ ಸಂಶೋಧನಾ ಕೇಂದ್ರದಲ್ಲಿ ಮೂವತ್ತನಾಲ್ಕು ವರ್ಷ ಅವನು ಮಾಡಿದ್ದು ಒಂದೇ ಕೆಲಸ: ಹತ್ತಿಯ ಹೂವುಗಳಿಗೆ ಮದುವೆ ಮಾಡಿಸುವುದು. ಸಂಜೆ ಹೊತ್ತು, ಮಾರನೆಯ ದಿನ ಅರಳಲಿರುವ ಮೊಗ್ಗನ್ನು ಹುಡುಕಿ, ಅದರ ಗಂಡುಭಾಗವನ್ನು ಹೆಬ್ಬೆರಳ ಉಗುರಿನಿಂದ ನಯವಾಗಿ ಸುಲಿದು, ಕಾಗದದ ಟೊಪ್ಪಿ ತೊಡಿಸುವುದು. ಬೆಳಿಗ್ಗೆ ದುಂಬಿಗಳು ಏಳುವ ಮೊದಲೇ ಹೋಗಿ, ಮೇಲಿನವರು ಗೊತ್ತುಮಾಡಿದ ವರನ ಪರಾಗ ತಂದು ಸವರಿ, ಕೆಂಪು ದಾರ ಕಟ್ಟುವುದು. ಹೀಗಾಗಿ ಅಪ್ಪ ಅಮ್ಮ ಇಟ್ಟ ಹೆಸರು ಕಚೇರಿಯ ಪಟ್ಟಿಯಲ್ಲಿ ಮಾತ್ರ ಉಳಿದು, ಲೋಕದ ಬಾಯಲ್ಲಿ ಅವನು ಪರಾಗಣ್ಣನಾಗಿ ಹೋಗಿದ್ದ.

ದುಂಬಿಗಿಂತ ಮೊದಲು ಹೊಲದಲ್ಲಿರಬೇಕಾದರೆ ನಾಲ್ಕೂವರೆಗೆ ಏಳಬೇಕು. ಮೂವತ್ತನಾಲ್ಕು ವರ್ಷ ಪರಾಗಣ್ಣ ಸೂರ್ಯನನ್ನು ಎಬ್ಬಿಸಿದವನೇ ಹೊರತು ಸೂರ್ಯನಿಂದ ಎಬ್ಬಿಸಿಕೊಂಡವನಲ್ಲ. ನಿವೃತ್ತಿಯಿಂದ ಅವನಿಗೆ ಬೇಕಾಗಿದ್ದದ್ದು ಊರೂರು ಸುತ್ತುವುದಲ್ಲ, ಹೊಸ ಮನೆಯಲ್ಲ. ಬಿಸಿಲು ಮೊದಲು ಕಾಲಬೆರಳಿಗೆ ಬಿದ್ದು, ಮೊಣಕಾಲು ಹತ್ತಿ, ಹೊಟ್ಟೆಯ ಮೇಲೆ ಸ್ವಲ್ಪ ಕುಳಿತು ದಣಿವಾರಿಸಿಕೊಂಡು, ನಿಧಾನವಾಗಿ ಮೂಗಿಗೆ ಬಂದು “ಏಳಪ್ಪಾ” ಅನ್ನುವ ತನಕ ಒಂದು ನಿದ್ದೆ. ಅಷ್ಟೇ. ನಾಳೆಯಿಂದ ಆ ನಿದ್ದೆ ಅವನದು. ಅವನಿಗೂ ಅದಕ್ಕೂ ನಡುವೆ ಇದ್ದದ್ದು ಒಂದೇ ಕಾಗದ: ಬಿಡುಗಡೆ ಪತ್ರ.

ಆ ಪತ್ರ ಸಿಗಬೇಕಾದರೆ ತನ್ನ ವಶದಲ್ಲಿದ್ದದ್ದನ್ನೆಲ್ಲ ಹೆಡ್ ಗುಮಾಸ್ತರಿಗೆ ಒಪ್ಪಿಸಬೇಕು. ಚಿಮಟ ಆರು, ಕತ್ತರಿ ಎರಡು, ಕಾಗದದ ಟೊಪ್ಪಿ ನಾನೂರು, ಕೆಂಪು ದಾರದ ಉಂಡೆ ಒಂಬತ್ತು, ಬೀಜದ ಕಪಾಟಿನ ಬೀಗದ ಕೈ ಒಂದು. ಇವೆಲ್ಲ ನಿನ್ನೆಯೇ ಒಪ್ಪಿಸಿಯಾಗಿತ್ತು. ಬಾಕಿ ಉಳಿದದ್ದು ಪಟ್ಟಿಯ ಕಡೆಯ ಸಾಲು: ನಲವತ್ತೇಳನೆಯ ಗಿಡದ ಬೀಜ, ಹದಿನಾಲ್ಕು. ಅವು ತೂಕದ ಕೋಣೆಯಿಂದ ವಾಪಸ್ಸು ಬಂದದ್ದು ಸಂಜೆ, ಬೀಗದ ಕೈ ಒಪ್ಪಿಸಿದ ಹತ್ತು ನಿಮಿಷದ ಮೇಲೆ.

“ಕಪಾಟು ಈಗ ನನ್ನ ಚಾರ್ಜು,” ಅಂದಿದ್ದರು ಹೆಡ್ ಗುಮಾಸ್ತರು. “ಬೀಜ ಇನ್ನೂ ನಿಮ್ಮ ಚಾರ್ಜು. ನಿಮ್ಮ ಬೀಜ ನನ್ನ ಕಪಾಟಲ್ಲಿ ಯಾವ ರೂಲ್ ಪ್ರಕಾರ ಇಡ್ಲಿ? ಮನೆಗೆ ತಗೊಂಡು ಹೋಗಿ, ನಾಳೆ ತನ್ನಿ.”

ಪರಾಗಣ್ಣ ತಂದಿದ್ದ. ಮಗುವನ್ನು ತಂದ ಹಾಗೆ ಎದೆಗೊತ್ತಿಕೊಂಡು ತಂದಿದ್ದ. ಏಕೆಂದರೆ ನಲವತ್ತೇಳನೆಯ ಗಿಡ ಎಂದರೆ ಅಂತಿಂಥ ಗಿಡವಲ್ಲ. ಸಾಧಾರಣ ಹತ್ತಿಬೀಜದಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಣ್ಣೆಯಿದ್ದರೆ ಇದರಲ್ಲಿ ಇಪ್ಪತ್ತೇಳು. ಅದಕ್ಕಾಗಿ ಕೇಂದ್ರದ ವಿಜ್ಞಾನಿ ಮೇಡಂ ಹನ್ನೊಂದು ವರ್ಷ ಗಿಡಕ್ಕೆ ಗಿಡ ಕೂಡಿಸಿ, ಅದರ ಮಕ್ಕಳಲ್ಲಿ ಒಳ್ಳೆಯದನ್ನು ಆರಿಸಿ, ಮತ್ತೆ ಕೂಡಿಸಿ, ಮತ್ತೆ ಆರಿಸಿ ಕಣ್ಣು ಬತ್ತಿಸಿಕೊಂಡಿದ್ದರು.

“ಎಣ್ಣೆ ಅನ್ನೋದು ಒಂದೇ ವಂಶವಾಹಿಯ ಕೆಲಸ ಅಲ್ಲ ಪರಾಗಣ್ಣ,” ಎಂದು ಅವರು ಒಮ್ಮೆ ಹೇಳಿದ್ದರು. “ಹತ್ತು ಜನ ಸೇರಿ ಮಹಡಿಗೆ ಬೀರು ಹೊತ್ತ ಹಾಗೆ. ಎಲ್ರೂ ಕೈ ಹಚ್ಚಿರ್ತಾರೆ. ನಿಜವಾಗಿ ಎತ್ತೋರು ಮೂರೋ ನಾಲ್ಕೋ ಜನ. ಮಿಕ್ಕವರು ‘ಹುಷಾರು, ಹುಷಾರು’ ಅಂತ ಕೂಗೋರು. ಎತ್ತೋರು ಯಾರು, ಕೂಗೋರು ಯಾರು ಅಂತ ಕಂಡುಹಿಡಿಯೋದೇ ನನ್ನ ಕೆಲಸ.”

ಪರಾಗಣ್ಣ ಕಚೇರಿಯನ್ನು ಒಮ್ಮೆ ಸುತ್ತ ನೋಡಿದ್ದ. ಅವನಿಗೆ ತಕ್ಷಣ ಅರ್ಥವಾಗಿತ್ತು.

ಸಾಲದ್ದಕ್ಕೆ ಮೇಡಂ, ಹತ್ತಿಬೀಜದಲ್ಲಿ ಹುಟ್ಟಿನಿಂದ ಇರುವ ಒಂದು ಕಹಿ ವಿಷವನ್ನೂ ಆ ಗಿಡದ ವಂಶದಿಂದಲೇ ತೊಲಗಿಸಿದ್ದರು. ಮನುಷ್ಯರೂ ತಿನ್ನಬಹುದಾದ ಬೀಜ, ಬಾದಾಮಿಯ ಹಾಗೆ ರುಚಿ ಎಂದು ಅವರು ಹೆಮ್ಮೆಪಡುತ್ತಿದ್ದರು. ಆ ಹೆಮ್ಮೆಯ ಸುದ್ದಿ ಇಲಿಗಳಿಗೂ ಅಳಿಲುಗಳಿಗೂ ಮೊದಲೇ ಮುಟ್ಟಿತ್ತು. ಮೂವತ್ತನಾಲ್ಕು ವರ್ಷದಲ್ಲಿ ಪರಾಗಣ್ಣ ಕೋಲು ಹಿಡಿದು ಕಾದ ಗಿಡ ಅದೊಂದೇ. ಇಲಿಯಿಂದ ಕಾದ, ಅಳಿಲಿನಿಂದ ಕಾದ. ಮನುಷ್ಯರಿಂದ ಕಾಯಬೇಕು ಅಂತ ಅವನಿಗೆ ಹೊಳೆದಿರಲಿಲ್ಲ.

“ಭಾವಾ,” ನಡುಮನೆಯಿಂದ ಧ್ವನಿ ಬಂತು. “ಆ ಡಬ್ಬೀಲಿ ಏನೋ ಹುರಿದ ಕಾಳು ಇತ್ತಲ್ಲ, ಇನ್ನೂ ಇದೆಯಾ?”

ಬೀಳ್ಕೊಡುಗೆ ಸಮಾರಂಭಕ್ಕೆಂದು ಹಿಂದಿನ ದಿನವೇ ಬಂದಿಳಿದಿದ್ದ ಹೆಂಡತಿಯ ತಮ್ಮ ಕುರ್ಚಿಯಲ್ಲಿ ಒರಗಿ ಪತ್ರಿಕೆ ಓದುತ್ತಿದ್ದ. ಈ ಭಾವಮೈದ ಬಂದ ಮನೆಯಲ್ಲಿ ಇರುವೆಗೆ ಏನೂ ಮಿಗುತ್ತಿರಲಿಲ್ಲ.

ಪರಾಗಣ್ಣ ಬಾಗಿಲ ಚೌಕಟ್ಟು ಹಿಡಿದುಕೊಂಡ. “ಎಷ್ಟು ತಿಂದೆ?”

“ಎಣಿಸ್ಕೊಂಡು ತಿನ್ನೋಕೆ ಅದೇನು ಮಾತ್ರೆನಾ? ಇದ್ದದ್ದೇ ಅರ್ಧ ಹಿಡಿ. ಚೆನ್ನಾಗಿತ್ತು ಭಾವ. ಉಪ್ಪು ಮಾತ್ರ ಸ್ವಲ್ಪ ಕಡಿಮೆ.”

“ಹನ್ನೊಂದು ವರ್ಷ ಕಣೋ ಅದು! ಹನ್ನೊಂದು ವರ್ಷ ತಿಂದುಬಿಟ್ಯಲ್ಲೋ!”

“ಹನ್ನೊಂದು ವರ್ಷದ ಹಳೇದಾ?” ಭಾವಮೈದ ಪತ್ರಿಕೆ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡ. “ಅಯ್ಯೋ, ಡಬ್ಬಿ ಮೇಲೆ ಬರೀಬಾರದಾ ಭಾವ? ಈಗ ನನಗೇನಾದ್ರೂ ಆದ್ರೆ?”

ಗಲಾಟೆ ಕೇಳಿ ಹೆಂಡತಿ ಹಿತ್ತಿಲಿನಿಂದ ಬಂದಳು. ಎಲ್ಲವನ್ನೂ ಕೇಳಿದಳು. ಗಂಡನ ಮುಖ ನೋಡಿದಳು, ತಮ್ಮನ ಹೊಟ್ಟೆ ನೋಡಿದಳು. “ಹೋಗ್ಲಿ ಬಿಡಿ, ತಿಂದದ್ದು ನನ್ನ ತಮ್ಮ ತಾನೆ, ಪರರೇನಲ್ಲವಲ್ಲ,” ಅಂದಳು.

“ಮಧ್ಯಾಹ್ನ ಬೀಜ ಒಪ್ಪಿಸ್ದೇ ಇದ್ರೆ ಬಿಡುಗಡೆ ಪತ್ರ ಇಲ್ಲ ಕಣೇ! ವಿಚಾರಣೆ ಅಂತಾರೆ, ಅದು ಮುಗಿಯೋ ತನಕ ದಿನಾ ಬೆಳಿಗ್ಗೆ ಬಂದು ಸಹಿ ಹಾಕು ಅಂತಾರೆ. ಮತ್ತೆ ನಾಲ್ಕೂವರೆ!”

“ಅವರು ಎಣಿಸ್ತಾರೋ, ತಿಂದು ನೋಡ್ತಾರೋ?”

“ಎಣಿಸ್ತಾರೆ.”

“ಹಾಗಾದ್ರೆ ಬೀಜ ಅಂದ್ರೆ ಬೀಜ. ಪಕ್ಕದ ಮನೆ ಹಸು ಮುಂದೆ ಒಂದು ಬಕೆಟ್ ಇದೆ ನೋಡಿ.”

ಮೂವತ್ತನಾಲ್ಕು ವರ್ಷ ಸತ್ಯದ ದಾರ ಕಟ್ಟಿದ ಕೈ ಅದು. ಯಾವ ಹೂವಿಗೆ ಯಾರು ಅಪ್ಪ ಎಂಬುದರಲ್ಲಿ ಅವನು ಒಂದು ದಿನವೂ ಸುಳ್ಳು ಬರೆದವನಲ್ಲ. ಆದರೆ ಬಿಸಿಲು ಹೊಟ್ಟೆಯ ಮೇಲೆ ಕುಳಿತ ಚಿತ್ರ ಕಣ್ಣಮುಂದೆ ಬಂತು. ಪರಾಗಣ್ಣ ಚಪ್ಪಲಿ ಮೆಟ್ಟಿಕೊಂಡ.

ಪಕ್ಕದ ಮನೆಯ ಹಾಲಿನಕ್ಕ ಒಂದು ಹಸು ಸಾಕಿಕೊಂಡು ಇಡೀ ಬೀದಿಗೆ ಹಾಲನ್ನೂ ಸುದ್ದಿಯನ್ನೂ ಹಂಚುವವಳು. ಹಾಲಿಗೆ ನೀರು ಬೆರೆಸುತ್ತಿರಲಿಲ್ಲ, ಸುದ್ದಿಗೆ ಬೆರೆಸುತ್ತಿದ್ದಳು.

“ಅಕ್ಕಾ, ಒಂದು ಹದಿನಾಲ್ಕು ಹತ್ತಿಬೀಜ ಬೇಕಿತ್ತು.”

“ಹದಿನಾಲ್ಕಾ?” ಅಕ್ಕ ಸೊಂಟದ ಮೇಲೆ ಕೈ ಇಟ್ಟಳು. “ಹದಿನೈದಾದ್ರೆ ಹೊರಲಾರ್ದಷ್ಟು ಭಾರ ಆಗುತ್ತಾ? ಅಲ್ಲ, ಹಸು ಏನಾದ್ರೂ ಕಟ್ಟಿದ್ರಾ ಮನೇಲಿ?”

“ಇಲ್ಲ.”

“ಮತ್ತೆ ಯಾರಿಗೆ?”

ಸುಳ್ಳು ಹೇಳಿ ಅಭ್ಯಾಸವಿಲ್ಲದವನಿಗೆ ಬಾಯಿಗೆ ಬಂದದ್ದು ಮನಸ್ಸಿನಲ್ಲಿದ್ದದ್ದೇ. “ಭಾವಮೈದನಿಗೆ,” ಅಂದುಬಿಟ್ಟ.

ಅಕ್ಕ ಬಕೆಟ್ ಮುಂದೆ ಸರಿಸಿದಳು. ಪರಾಗಣ್ಣ ದಪ್ಪ ದಪ್ಪ ಬೀಜ ನೋಡಿ ಹದಿನಾಲ್ಕು ಆರಿಸಿಕೊಂಡ. ಜಿಡ್ಡು ಜಿಡ್ಡಾಗಿದ್ದವು. ಹಾಲು, ಬೆಣ್ಣೆ ಮುಟ್ಟುವ ಕೈಯಲ್ಲವೆ ಅಂದುಕೊಂಡ. ಅವನು ಮನೆ ಸೇರುವ ಹೊತ್ತಿಗೆ ಸುದ್ದಿ ಬೀದಿಯ ಆ ತುದಿ ಸೇರಿತ್ತು: ಪರಾಗಣ್ಣನ ಭಾವಮೈದ ದನದ ಮೇವು ತಿಂತಾನಂತೆ, ಎಣಿಸಿ ಹಾಕಬೇಕಂತೆ.

ಈಗ ಇನ್ನೊಂದು ತೊಡಕು. ನಲವತ್ತೇಳನೆಯ ಗಿಡದ ಬೀಜಗಳನ್ನು ಕಚೇರಿಯಲ್ಲಿ ಮೈಮೇಲಿನ ನಾರೆಲ್ಲ ತೆಗೆದು ನುಣ್ಣಗೆ, ಕರ್ರಗೆ ಮಾಡಿಟ್ಟಿದ್ದರು. ಹಸುವಿನ ಬೀಜಗಳಿಗೆ ವಾರದ ಗಡ್ಡ. ಪರಾಗಣ್ಣ ಬಚ್ಚಲ ಮನೆಯ ಬಾಗಿಲು ಹಾಕಿಕೊಂಡು, ಕನ್ನಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ತನ್ನ ರೇಜರ್ ತೆಗೆದು, ಒಂದೊಂದೇ ಬೀಜಕ್ಕೆ ಕ್ಷೌರ ಮಾಡತೊಡಗಿದ. ಸೋಪು ಬೇಕಾಗಲಿಲ್ಲ, ಜಿಡ್ಡಿನ ಮೇಲೆ ಬ್ಲೇಡು ತಾನಾಗಿ ಜಾರುತ್ತಿತ್ತು.

“ಭಾವಾ, ಬೇಗ ಬನ್ನಿ! ಹನ್ನೊಂದು ವರ್ಷ ಒಳಗೆ ಕೆಲಸ ಶುರುಮಾಡಿದೆ!” ಹೊರಗಿನಿಂದ ಭಾವಮೈದ ಬಾಗಿಲು ಗುದ್ದಿದ.

“ತಡಿಯೋ! ಇನ್ನು ಆರು ಗಡ್ಡ ಇದೆ!”

ಭಾವಮೈದ ತನ್ನ ಅಕ್ಕನ ಹತ್ತಿರ ಹೋಗಿ ಮೆಲ್ಲಗೆ ಕೇಳಿದ: “ಅಕ್ಕಾ, ನಿವೃತ್ತಿ ಅಂದ್ರೆ ಕೆಲವರಿಗೆ ತಲೆಗೆ ಹೊಡೆಯುತ್ತಂತೆ, ಹೌದಾ?”

ಅವಸರದಲ್ಲಿ ಹನ್ನೆರಡನೆಯ ಬೀಜಕ್ಕೆ ಬ್ಲೇಡು ತಗುಲಿ ಗಾಯವಾಯಿತು. ಮಿಕ್ಕವು ಮದುವಣಿಗರ ಕೆನ್ನೆಯ ಹಾಗೆ ಹೊಳೆದವು. ಟವೆಲಿನಲ್ಲಿ ಒರೆಸಿ, ಡಬ್ಬಿಗೆ ತುಂಬಿ, ಪರಾಗಣ್ಣ ಕೇಂದ್ರಕ್ಕೆ ಹೊರಟ. ಮನೆಯ ಗೇಟಿನ ಮುಂದೆ ನಾಲ್ಕಾರು ನೆರೆಯವರು ಆಗಲೇ ನಿಂತು, ಕಿಟಕಿಯೊಳಗಿನ ಭಾವಮೈದನನ್ನು ಅನುಕಂಪದಿಂದ ನೋಡುತ್ತಿದ್ದರು. ಒಬ್ಬ ಅಜ್ಜಿ ಒಂದು ಹಿಡಿ ಹಸಿ ಹುಲ್ಲನ್ನೂ ತಂದಿದ್ದಳು.

ಹೆಡ್ ಗುಮಾಸ್ತರು ಬೀಜಗಳನ್ನು ಬಿಳಿಯ ಕಾಗದದ ಮೇಲೆ ಸುರಿದು ಮೂರು ಸಲ ಎಣಿಸಿದರು. ಮೂರು ಸಲವೂ ಹದಿನಾಲ್ಕೇ ಬಂದದ್ದು ಅವರಿಗೆ ಅಷ್ಟು ಹಿಡಿಸಿದಂತೆ ಕಾಣಲಿಲ್ಲ. ಕನ್ನಡಕ ಏರಿಸಿ ಒಂದನ್ನು ಎತ್ತಿ ಹಿಡಿದರು.

“ಇದಕ್ಕೇನಿದು, ಗಾಯ?”

ಪರಾಗಣ್ಣ ಖಾಲಿ ಡಬ್ಬಿಯ ಮುಚ್ಚಳ ತಿರುಗಿಸಿದ. “ಹುಟ್ಟುಮಚ್ಚೆ ಸಾರ್.”

ಗುಮಾಸ್ತರು “ಒಂದಕ್ಕೆ ಹುಟ್ಟುಮಚ್ಚೆ ಇದೆ” ಎಂದು ರಿಜಿಸ್ಟರಿನಲ್ಲಿ ಬರೆದು ಸಹಿ ಮಾಡಿದರು. ಬಿಡುಗಡೆ ಪತ್ರ ಟೈಪಾಯಿತು. ಅದಕ್ಕಿನ್ನು ಬೇಕಾಗಿದ್ದದ್ದು ನಿರ್ದೇಶಕರ ಸಹಿ ಒಂದೇ. ಸಹಿ ಮಾಡಿ ಸಮಾರಂಭದಲ್ಲಿ ತಮ್ಮ ಕೈಯಾರೆ ಕೊಡುತ್ತೇನೆ ಎಂದು ನಿರ್ದೇಶಕರು ಅದನ್ನು ಮಡಿಚಿ ಕೋಟಿನ ಜೇಬಿನಲ್ಲಿ ಇಟ್ಟುಕೊಂಡರು. ಪರಾಗಣ್ಣನ ಕಣ್ಣು ಅಂದು ಮಧ್ಯಾಹ್ನ ಪೂರ್ತಿ ಆ ಜೇಬನ್ನು ಬಿಟ್ಟು ಕದಲಲಿಲ್ಲ.

ಮೂರು ಗಂಟೆಗೆ ಸಭಾಂಗಣ ತುಂಬಿತು. ಮೊದಲ ಸಾಲಿನಲ್ಲಿ ಹೆಂಡತಿ. ಪಕ್ಕದಲ್ಲಿ ಭಾವಮೈದ, ಬಿಸ್ಕತ್ತಿನ ತಟ್ಟೆ ಎತ್ತ ಕಡೆಯಿಂದ ಬರುತ್ತದೆ ಎಂದು ಅಳತೆ ಮಾಡುತ್ತ. ಅವನ ಹಿಂದೆ ಹಾಲಿನಕ್ಕ, ಭಾವಮೈದನ ಬಾಯನ್ನೇ ನೋಡುತ್ತ. ನಿರ್ದೇಶಕರು ಅರ್ಧ ಗಂಟೆ ಮಾತನಾಡಿದರು. ಪರಾಗಣ್ಣನಂಥವರು ಯುಗಕ್ಕೊಬ್ಬರು ಅಂದರು. ಸಹೋದ್ಯೋಗಿಗಳೆಲ್ಲ ಸೇರಿ ತಂದ ಉಡುಗೊರೆಯನ್ನು ಬಿಚ್ಚಿ ತೋರಿಸಿದರು: ಗಂಟೆ ಬಾರಿಸಿ ಎಬ್ಬಿಸುವ ಗಡಿಯಾರ. ಚಪ್ಪಾಳೆ ಬಿತ್ತು. ಪರಾಗಣ್ಣ ಅದನ್ನು ಹಾವನ್ನು ಹಿಡಿದ ಹಾಗೆ ದೂರ ಹಿಡಿದುಕೊಂಡ.

ನಿರ್ದೇಶಕರ ಕೈ ಕೋಟಿನ ಜೇಬಿಗೆ ಹೋಯಿತು. ಅಷ್ಟರಲ್ಲಿ ಮೇಡಂ ಎದ್ದರು.

“ಒಂದು ನಿಮಿಷ ಸಾರ್. ಪರಾಗಣ್ಣ ಹೋಗೋ ಮುಂಚೆ ಅವರ ಕೈಯ ಫಲ ಎಲ್ರೂ ಕಣ್ಣಾರೆ ನೋಡ್ಬೇಕು. ಆ ಹದಿನಾಲ್ಕು ಬೀಜಾನ ಇಲ್ಲೇ ಯಂತ್ರಕ್ಕೆ ಹಾಕಿ ತೋರಿಸ್ತೀನಿ.”

“ಬೇಡಿ ಮೇಡಂ,” ಪರಾಗಣ್ಣ ಅರ್ಧ ಎದ್ದ. “ಬೀಜಕ್ಕೆ ನೋವಾಗುತ್ತೆ.”

ಸಭೆ ಮೆಚ್ಚಿ ನಕ್ಕಿತು. ಯಾರೋ ಕಣ್ಣೊರೆಸಿಕೊಂಡರು.

“ನೋವಾಗಲ್ಲ ಪರಾಗಣ್ಣ, ನಿಮಗೇ ಗೊತ್ತಲ್ಲ. ಒಡೆಯೋದಿಲ್ಲ, ಅರೆಯೋದಿಲ್ಲ. ಬರೀ ಒಳಗೆಷ್ಟು ಎಣ್ಣೆ ಇದೆ ಅಂತ ಹೇಳುತ್ತೆ.”

ಇಬ್ಬರು ಸೇರಿ ಯಂತ್ರವನ್ನು ಮೇಜಿನ ಮೇಲೆ ತಂದಿಟ್ಟರು. ಮೇಡಂ ಬೀಜಗಳನ್ನು ಗಾಜಿನ ನಳಿಗೆಗೆ ತುಂಬಿ ಒಳಗಿಟ್ಟು ಮುಚ್ಚಳ ಹಾಕಿದರು. ಪರಾಗಣ್ಣ ಕಣ್ಣು ಮುಚ್ಚಿಕೊಂಡ. ಹಸುವಿನ ಬೀಜ ಹದಿನೆಂಟು ಅನ್ನುತ್ತದೆ, ಇಲ್ಲವೆ ಹತ್ತೊಂಬತ್ತು. ಆಮೇಲೆ ಮೇಡಂ ತನ್ನ ಕಡೆ ತಿರುಗಿ ನೋಡುತ್ತಾರೆ. ಆ ನೋಟವೊಂದನ್ನು ತಪ್ಪಿಸಿದರೆ ಸಾಕು ಭಗವಂತ ಎಂದು ಬೇಡಿಕೊಂಡ. ಯಂತ್ರ ಟಿಂಗ್ ಎಂದಿತು.

“ಮೂವತ್ಮೂರು,” ಅಂದರು ಮೇಡಂ. ಅವರ ಧ್ವನಿ ಅವರದೇ ಅನ್ನಿಸಲಿಲ್ಲ.

ಮತ್ತೆ ಹಾಕಿದರು. ಮೂವತ್ಮೂರು. ಯಂತ್ರವನ್ನು ಒಮ್ಮೆ ಆರಿಸಿ, ಹಚ್ಚಿ, ಪಕ್ಕಕ್ಕೆರಡು ತಟ್ಟಿ ಹಾಕಿದರು. ಮೂವತ್ಮೂರೂವರೆ.

ಸಭೆಯಲ್ಲಿ ಎಲ್ಲರೂ ಒಟ್ಟಿಗೆ ಮಾತನಾಡತೊಡಗಿದರು. ಜಗತ್ತಿನ ಯಾವ ಹತ್ತಿಯೂ ಅಷ್ಟು ಎಣ್ಣೆ ಕೊಟ್ಟದ್ದಿಲ್ಲ ಎಂದು ಒಬ್ಬರು. ಮಲಗಿದ್ದ ವಂಶವಾಹಿ ಎದ್ದಿರಬೇಕು ಎಂದು ಇನ್ನೊಬ್ಬರು. ಹೆಡ್ ಗುಮಾಸ್ತರು ಮಾತ್ರ “ಹುಟ್ಟುಮಚ್ಚೆ ನೋಡಿದಾಗಲೇ ನನಗೆ ಗೊತ್ತಾಯ್ತು, ಇದು ಸಾಮಾನ್ಯ ಜನ್ಮ ಅಲ್ಲ ಅಂತ,” ಎಂದು ಪಕ್ಕದವರಿಗೆ ಹೇಳಿದರು.

ನಿರ್ದೇಶಕರು ಪರಾಗಣ್ಣನ ಎರಡೂ ಭುಜ ಹಿಡಿದರು. “ನಿನ್ನೆ ಸಂಜೆ ಇಪ್ಪತ್ತೇಳು ಇತ್ತು. ಇವತ್ತು ಮೂವತ್ಮೂರು. ಮನೇಲಿ ಏನು ಮಾಡಿದ್ರಿ?”

“ಏನೂ ಮಾಡಿಲ್ಲ ಸಾರ್. ಡಬ್ಬೀಲಿ ಇಟ್ಟಿದ್ದೆ.”

“ಯಾವ ಡಬ್ಬಿ?”

“ಹಲ್ಲುಪುಡಿ ಡಬ್ಬಿ.”

ನಿರ್ದೇಶಕರು “ಹಲ್ಲುಪುಡಿ ಡಬ್ಬಿ” ಎಂದು ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದರು. ಆಮೇಲೆ ಫೋನ್ ಹಿಡಿದು ಹೊರಗೋಡಿದರು. ಮೇಲಿನ ಕಚೇರಿಗೆ ಅವರು “ಮೂವತ್ಮೂರು ಸಾರ್! ಮೂ-ವ-ತ್ಮೂ-ರು!” ಎಂದು ಕೂಗುತ್ತಿದ್ದದ್ದು ಒಳಗಿನವರೆಗೂ ಕೇಳಿಸುತ್ತಿತ್ತು.

ಬಿಸ್ಕತ್ತು ಮೆಲ್ಲುತ್ತಿದ್ದ ಭಾವಮೈದ ಹತ್ತಿರ ಬಂದು ಪಿಸುಗುಟ್ಟಿದ: “ಇಷ್ಟು ಎಣ್ಣೆ ಎಲ್ಲಿಂದ ಬಂತು ಭಾವ? ನಾನು ತಿಂದದ್ದು ಇಷ್ಟು ಜಿಡ್ಡಿರಲಿಲ್ಲ.”

ಪರಾಗಣ್ಣ ಅವನ ಕಾಲು ತುಳಿದ. ಅವನಿಗೂ ಅದೇ ಪ್ರಶ್ನೆ. ಉತ್ತರ ಬಂದದ್ದು ಹಿಂದಿನ ಸಾಲಿನಿಂದ. ಹಾಲಿನಕ್ಕ ಅವನ ಹೆಂಡತಿಯ ಕಿವಿಯ ಹತ್ತಿರ ಬಾಗಿದ್ದಳು. ಆದರೆ ಅವಳ ಪಿಸುಮಾತು ಬೀದಿಯ ಅಳತೆಯದು.

“ನಿಮ್ಮ ತಮ್ಮನಿಗೆ ಹೊಟ್ಟೆ ಹೇಗಿದೆಯಮ್ಮ? ನಮ್ಮ ಹಸುಗೆ ನಿನ್ನೆ ಹೊಟ್ಟೆ ಉಬ್ಬರ ಆಗಿತ್ತು ಅಂತ ಆ ಬೀಜಕ್ಕೆ ನಾಲ್ಕು ಸೌಟು ಅಡುಗೆ ಎಣ್ಣೆ ಸುರಿದು ಕಲಸಿಟ್ಟಿದ್ದೆ. ರಾತ್ರಿಯೆಲ್ಲ ಚೆನ್ನಾಗಿ ಹೀರ್ಕೊಂಡಿತ್ತು. ಇವರು ಕೇಳಿದಾಗ ಹೇಳೋಕೆ ಮರ್ತೆ. ಏನೂ ತೊಂದ್ರೆ ಇಲ್ಲ, ಇವನಿಗೂ ಸಲೀಸಾಗಿ ಆಗುತ್ತೆ ಬಿಡಿ.”

ಪರಾಗಣ್ಣನಿಗೆ ನಿಂತ ನೆಲ ಎರಡು ಅಂಗುಲ ಕೆಳಗಿಳಿದ ಹಾಗಾಯಿತು. ಯಂತ್ರದ ತಪ್ಪೇನೂ ಇಲ್ಲ. ಅದು ಎಣ್ಣೆ ಎಷ್ಟಿದೆ ಅನ್ನುತ್ತದೆಯೇ ಹೊರತು ಎಣ್ಣೆ ಹುಟ್ಟಿನಿಂದ ಬಂದದ್ದೋ ಸೌಟಿನಿಂದ ಬಂದದ್ದೋ ಎಂದು ವಿಚಾರಿಸುವುದಿಲ್ಲ. ವಂಶವಾಹಿಗಳು ಹನ್ನೊಂದು ವರ್ಷ ಹೊತ್ತು ಏರಿಸಲಾರದ ಬೀರನ್ನು ಹಾಲಿನಕ್ಕ ಒಬ್ಬಳೇ ನಾಲ್ಕು ಸೌಟಿನಲ್ಲಿ ಮಹಡಿ ಮುಟ್ಟಿಸಿದ್ದಳು.

ಹೇಳಿಬಿಡಬೇಕೆ? ಹೇಳಿದರೆ ಬೀಜ ಕಳೆದ ಕಳ್ಳ. ಸುಮ್ಮನಿದ್ದರೆ? ಸುಮ್ಮನಿದ್ದರೆ ಜೇಬಿನ ಪತ್ರ ಕೈಗೆ ಬರುತ್ತದೆ, ನಾಳೆ ಬಿಸಿಲು ಹೊಟ್ಟೆಗೆ ಬರುತ್ತದೆ. ಸುಮ್ಮನಿರುವುದೇ ಲೇಸು ಎಂದು ಅವನು ನಿಶ್ಚಯಿಸುವುದಕ್ಕೂ ನಿರ್ದೇಶಕರು ವೇದಿಕೆ ಹತ್ತುವುದಕ್ಕೂ ಸರಿಹೋಯಿತು.

“ಮಿತ್ರರೇ! ಮೇಲಿನ ಕಚೇರಿ ಕುಣಿದಾಡ್ತಾ ಇದೆ. ಈ ಮೂವತ್ಮೂರನ್ನ ಹೊಲದಲ್ಲಿ ನಿಲ್ಲಿಸಬೇಕಾದ್ರೆ ಇನ್ನೂ ಎಷ್ಟೋ ಮದುವೆ ಮಾಡಿಸ್ಬೇಕು. ಆ ಕೈಗುಣ ಇರೋದು ಒಬ್ಬರಿಗೇ. ಆದ್ದರಿಂದ ನಮ್ಮ ಪರಾಗಣ್ಣನವರ ಸೇವೇನ ಇನ್ನು ಮೂರು ವರ್ಷ ಮುಂದುವರಿಸಲಾಗಿದೆ ಅಂತ ತಿಳಿಸೋಕೆ ನನಗೆ ತುಂಬಾ ಸಂತೋಷ!”

ಅಂದವರೇ ಜೇಬಿನಿಂದ ಬಿಡುಗಡೆ ಪತ್ರ ತೆಗೆದು, ಎಲ್ಲರೂ ನೋಡುವಂತೆ ಎತ್ತಿ ಹಿಡಿದು, ನಾಲ್ಕು ಚೂರು ಮಾಡಿದರು. ಚಪ್ಪಾಳೆ ಮುಗಿಲು ಮುಟ್ಟಿತು. ಭಾವಮೈದ ಎದ್ದು ನಿಂತು ತಟ್ಟಿದ. ಹೆಂಡತಿ ಮಾತ್ರ ಗಂಡನ ಮುಖ ನೋಡಿ ಉಡುಗೊರೆಯ ಗಡಿಯಾರವನ್ನು ಮೆಲ್ಲಗೆ ಸೆರಗಿನಡಿ ಸೇರಿಸಿದಳು.

ಐದು ನಿಮಿಷದಲ್ಲಿ ಪರಾಗಣ್ಣ ನಿರ್ದೇಶಕರ ಕೋಣೆಯಲ್ಲಿದ್ದ. ಅಲ್ಲಿ ಮೇಡಂ ಕೂಡ ಇದ್ದರು. ಬಾಗಿಲು ಹಾಕಿ, ಕೈ ಕಟ್ಟಿಕೊಂಡು, ಡಬ್ಬಿಯಿಂದ ಹಿಡಿದು ಸೌಟಿನ ತನಕ ಒಂದನ್ನೂ ಬಿಡದೆ ಹೇಳಿದ. ಕಡೆಯ ಮಾತು ಹೇಳುವ ಹೊತ್ತಿಗೆ ಕಣ್ಣಲ್ಲಿ ನೀರಿತ್ತು. “ಮೇಡಂ, ನಿಮ್ಮ ಹನ್ನೊಂದು ವರ್ಷಾನ ನನ್ನ ಭಾವಮೈದ ತಿಂದುಬಿಟ್ಟ. ನಿಮಗೆ ಏನಂತ ಮುಖ ತೋರಿಸ್ಲಿ?”

ಮೇಡಂ ಅವನನ್ನೇ ನೋಡಿದರು. ಆಮೇಲೆ ಅವರ ಭುಜ ಅಲುಗಾಡತೊಡಗಿತು. ಅಳುತ್ತಿದ್ದಾರೆ ಎಂದುಕೊಂಡ, ನಗುತ್ತಿದ್ದರು.

“ಬೀಜಕ್ಕೆ ಗಡ್ಡ ಬೋಳಿಸಿದ್ರಾ? ರೇಜರಲ್ಲಿ?” ನಗು ತಡೆದುಕೊಂಡು ಅವರು ಕಣ್ಣೊರೆಸಿದರು. “ಅಯ್ಯೋ ಪರಾಗಣ್ಣ, ಹದಿನಾಲ್ಕೇ ಬೀಜ ನಂಬ್ಕೊಂಡು ಯಾರಾದ್ರೂ ಹನ್ನೊಂದು ವರ್ಷ ಕೂರ್ತಾರಾ? ಅದೇ ಗಿಡದ ಇನ್ನೂ ಅರವತ್ತು ಬೀಜ ತಣ್ಣನೆ ಕೋಣೆಯಲ್ಲಿ ಭದ್ರವಾಗಿವೆ, ಕೀಲಿ ನನ್ನ ಹತ್ರಾನೇ ಇದೆ. ಬೆಳಿಗ್ಗೇನೇ ಬಂದು ಒಂದು ಮಾತು ಹೇಳಿದ್ರೆ, ‘ತಿಂದು ಹೋಯಿತು’ ಅಂತ ಒಂದು ಸಾಲು ಬರೆದು ಮುಗಿಸ್ತಿದ್ದೆ.”

ಪರಾಗಣ್ಣನ ಎದೆಯ ಮೇಲಿನ ಬಂಡೆ ಉರುಳಿಹೋಯಿತು. ಒಂದು ಸಾಲು! ಬರೀ ಒಂದು ಸಾಲು! ಹಲ್ಲು ಕಚ್ಚಬೇಕೋ ನಗಬೇಕೋ ತಿಳಿಯದೆ ಅವನು ನಿರ್ದೇಶಕರ ಕಡೆ ತಿರುಗಿದ. “ಹಾಗಾದ್ರೆ ಸಾರ್, ಎಲ್ಲಾ ಸರಿಹೋಯ್ತು. ಇಪ್ಪತ್ತೇಳು ಭದ್ರವಾಗಿದೆ. ಆ ಪತ್ರ ಇನ್ನೊಂದು ಟೈಪ್ ಮಾಡಿಸಿಬಿಟ್ರೆ...”

ನಿರ್ದೇಶಕರು ಅಷ್ಟೂ ಹೊತ್ತು ಕಿಟಕಿಯ ಹೊರಗೆ ನೋಡುತ್ತಿದ್ದರು. ಈಗ ತಿರುಗಿದರು.

“ಇಪ್ಪತ್ತೇಳು ಯಾರಿಗ್ರೀ ಬೇಕು?”

“ಸಾರ್, ಇಪ್ಪತ್ತೇಳೇ ದೊಡ್ಡ ಮಾತು,” ಮೇಡಂ ನಗು ನಿಲ್ಲಿಸಿದರು. “ಅದು ನಿಜವಾದ ಎಣ್ಣೆ. ಮೇಲಿನವರಿಗೆ ಫೋನ್ ಮಾಡಿ ತಪ್ಪಾಯ್ತು ಅಂತ ಹೇಳಿ.”

“ಅವರು ಅವರ ಮೇಲಿನವರಿಗೆ ಹೇಳಿಯಾಯ್ತಮ್ಮ. ಅವರು ಅದಕ್ಕೂ ಮೇಲೆ ಹೇಳಿದ್ದಾರೆ. ಈಗ ಆ ಮೂವತ್ಮೂರು ಯಾವ ಎತ್ತರದಲ್ಲಿದೆಯೋ ನನಗೇ ಗೊತ್ತಿಲ್ಲ. ಅಲ್ಲಿಂದ ಕೆಳಗಿಳಿಸೋಕೆ ನಮ್ಮ ಹತ್ರ ಏಣಿ ಇಲ್ಲ.”

“ಆದ್ರೆ ಅಂಥ ಗಿಡಾನೇ ಇಲ್ವಲ್ಲ ಸಾರ್!”

“ಇಲ್ಲ ಅಂತ ಯಾರಿಗೆ ಗೊತ್ತು? ಮೂರು ವರ್ಷ ಟೈಮ್ ತಗೊಂಡಿದ್ದೀನಿ. ಇವರು ದಿನಾ ಬೆಳಿಗ್ಗೆ ಹೊಲದಲ್ಲಿ ಕಾಣಿಸ್ಬೇಕು, ದಾರ ಕಟ್ತಾ ಇರ್ಬೇಕು, ಸಂಶೋಧನೆ ನಡೀತಾ ಇರ್ಬೇಕು. ಎರಡು ವರ್ಷಕ್ಕೆ ನಾನು ನಿವೃತ್ತ ಆಗ್ತೀನಿ. ಆಮೇಲೆ ಯಾರು ಬಂದು ಏನು ಬೇಕಾದ್ರೂ ಕೇಳ್ಕೊಳ್ಲಿ.”

ಮೇಡಂ ಎದ್ದು ನಿಂತರು, ಬಾಗಿಲನ್ನು ಕೊಂಚ ಜೋರಾಗಿಯೇ ಹಾಕಿಕೊಂಡು ಹೋದರು. ಕೋಣೆಯಲ್ಲಿ ನಿರ್ದೇಶಕರೂ ಪರಾಗಣ್ಣನೂ ಉಳಿದರು. ಹೊರಗೆ ಹೂವಿನ ಸಾಲುಗಳ ಮೇಲೆ ಸಂಜೆಯ ಬಿಸಿಲು ಬಿದ್ದಿತ್ತು. ನಾಳೆ ಅರಳಬೇಕಾದ ಮೊಗ್ಗುಗಳು ಆಗಲೇ ಬಾಯಿ ಚೂಪು ಮಾಡಿಕೊಂಡು ಕಾಯುತ್ತಿದ್ದವು. ಅವನಿಗೆ ಕಡೆಯದೊಂದು ಉಪಾಯ ಹೊಳೆಯಿತು. ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಅವನು ಮೇಲಧಿಕಾರಿಯ ಮೇಜಿನ ಮೇಲೆ ಎರಡೂ ಕೈ ಊರಿದ.

“ಸಾರ್, ನಾನು ಮೋಸ ಮಾಡಿದ್ದೀನಿ. ಸರ್ಕಾರಿ ಬೀಜ ಕಳೆದಿದ್ದೀನಿ. ದನದ ಮೇವು ತಂದು ರಿಜಿಸ್ಟರಿಗೆ ಸೇರಿಸಿದ್ದೀನಿ. ಹೆಡ್ ಗುಮಾಸ್ತರಿಗೆ ಹುಟ್ಟುಮಚ್ಚೆ ಅಂತ ಸುಳ್ಳು ಹೇಳಿದ್ದೀನಿ. ಇಂಥವನನ್ನ ಒಂದು ಕ್ಷಣ ಇಟ್ಕೋಬಾರ್ದು. ನಿವೃತ್ತಿ ಬೇಡ, ಸನ್ಮಾನ ಬೇಡ. ದಯವಿಟ್ಟು ನನ್ನ ಕೆಲಸದಿಂದ ವಜಾ ಮಾಡಿಬಿಡಿ.”

ನಿರ್ದೇಶಕರು ಎದ್ದು ಬಂದು, ಬಲು ಪ್ರೀತಿಯಿಂದ ಅವನ ಹೆಗಲ ಮೇಲೆ ಕೈ ಇಟ್ಟರು.

“ವಜಾ ಮಾಡಿದ್ರೆ ಕಾರಣ ಬರೀಬೇಕು. ಕಾರಣ ಬರೆದ್ರೆ ಮೂವತ್ಮೂರು ಹೋಗುತ್ತೆ. ಬೇರೆ ಏನು ಬೇಕಾದ್ರೂ ಕೇಳಿ ಪರಾಗಣ್ಣ. ವಜಾ ಮಾತ್ರ ಮಾಡಲ್ಲ.”